ಕಮಾನಿಗೆ ಮೊದಲು ನೆಲದಡಿಗೆ

ರೋಮಿನ ಕೊಲೊಸಿಯಂ ಪಕ್ಕದ ಕಾನ್‌ಸ್ಟಂಟೈನನ ವಿಜಯ ಕಮಾನನ್ನು ಹಳಿಯುವುದು ಕಲಾರಸಿಕರ ಹಳೆಯ ಚಾಳಿ. ಹಳಿದವರಲ್ಲಿ ರಫೇಲನೂ ಇದ್ದಾನೆ. 1519ರ ಸುಮಾರಿಗೆ ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದಲ್ಲಿ, ಕಟ್ಟಡವೇನೋ ಚೆಂದ, ಆ ಕಾಲದ ಶಿಲ್ಪ ಮಾತ್ರ ತೀರಾ ಪೆದ್ದು ಎಂದುಬಿಟ್ಟ. 1954ರಲ್ಲಿ ಕಲಾ ವಿಮರ್ಶಕ ಬರ್ನಾರ್ಡ್ ಬೆರೆನ್‌ಸನ್ ಇದೇ ಕಮಾನನ್ನು ಮುಂದಿಟ್ಟುಕೊಂಡು ರೂಪದ ಅವನತಿಯ ಮೇಲೆ ಪುಸ್ತಕವನ್ನೇ ಬರೆದರು.

ದೂರಿಗೆ ಕಾರಣ ಕಣ್ಣೆದುರೇ ಇದೆ. 315ರ ಈ ಕಮಾನಿಗೆ ಹಿಂದಿನ ಚಕ್ರವರ್ತಿಗಳಾದ ಟ್ರಾಜನ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಕಾಲದ ಶಿಲ್ಪಗಳನ್ನು ತಂದು ಕೂರಿಸಿದ್ದಾರೆ. ಉತ್ತರದ ಮುಖದಲ್ಲಿ ಹೇಡ್ರಿಯನನ ಹಂದಿಬೇಟೆಯ ದುಂಡು ಫಲಕ. ಕುದುರೆಗಳಲ್ಲಿ ಕಸುವಿದೆ, ಮೈಗಳಲ್ಲಿ ತಿರುವಿದೆ. ಈ ಸಾಲಿನ ಕೆಳಗೇ ಕಾನ್‌ಸ್ಟಂಟೈನನ ಕಾಲದವರು ಕೆತ್ತಿದ ಪಟ್ಟಿ, ಫೋರಂನಲ್ಲಿ ಚಕ್ರವರ್ತಿಯ ಭಾಷಣ. ಗಿಡ್ಡ ಮೈ, ದಪ್ಪ ತಲೆ, ನೆರಿಗೆಯ ಜಾಗದಲ್ಲಿ ಬರೀ ಗೀರು. ಎರಡೂ ಬದಿಯಿಂದ ಸಾಲು ಸಾಲು ತಲೆಗಳು ನಡುವಿನವನತ್ತ ತಿರುಗಿವೆ. ಅವನೊಬ್ಬನೇ ನೇರ ನಮ್ಮತ್ತ ನಿಂತಿದ್ದಾನೆ. ಅವನ ತಲೆ ಯಾವತ್ತೋ ಒಡೆದುಹೋಗಿದೆ. ಆದರೂ ಯಾರೆಂದು ಕೇಳಬೇಕಾಗಿಲ್ಲ! ವೇದಿಕೆಯ ಎರಡು ತುದಿಗೆ ಹೇಡ್ರಿಯನ್, ಮಾರ್ಕಸರ ಕುಳಿತ ಪ್ರತಿಮೆಗಳು: ಹಿಂದಿನ ಒಳ್ಳೆಯ ಅರಸರ ಸಾಲಿಗೆ ತಾನೂ ಸೇರಿದವನು ಎಂಬ ಸಾರುವಿಕೆ.

ಈ ಪಟ್ಟಿಯನ್ನು ಓದಲು ಕಲಿಯಬೇಕಾದರೆ ಮೊದಲು ನೆಲದಡಿಗೆ ಇಳಿಯಬೇಕೆಂಬುದು ನನ್ನ ಹಟ. ವಿಯಾ ಸಲಾರಿಯಾ ರಸ್ತೆಯ ಪ್ರಿಸಿಲ್ಲಾ ಕ್ಯಾಟಕೂಂಬ್ ಎಂಬ ನೆಲದಡಿಯ ಸ್ಮಶಾನ ಸಾಕು. ಕ್ರೈಸ್ತರು ಇಲ್ಲಿ ಅಡಗಿ ಬದುಕಿದರೆಂಬುದು ಸಿನಿಮಾ ಕತೆ. ಊರೊಳಗೆ ಹೆಣ ಹೂಳಲು ರೋಮಿನ ಕಾನೂನು ಬಿಡುತ್ತಿರಲಿಲ್ಲ. ಊರಾಚೆಯ ರಸ್ತೆಬದಿಯ ನೆಲ ತುಟ್ಟಿ. ಅಡಿಯಲ್ಲಿದ್ದದ್ದು ಟಫ್ ಕಲ್ಲು, ನಮ್ಮ ಕರಾವಳಿಯ ಮುರಕಲ್ಲಿನಂತೆ ಅಗೆಯುವಾಗ ಮೆತ್ತಗೆ, ಗಾಳಿ ತಗುಲಿದರೆ ಗಟ್ಟಿ. ಹಾಗಾಗಿ ಸುರಂಗ ತೋಡಿ, ಗೋಡೆಯಲ್ಲಿ ಅಂತಸ್ತು ಅಂತಸ್ತಾಗಿ ಗೂಡು ಕೊರೆದು ಹೂಳಿದರು.

ಅಲ್ಲೊಂದು ಚಿಕ್ಕ ಕೋಣೆ, ಮೂರನೆಯ ಶತಮಾನದ್ದು. ಎದುರಿನ ಅರ್ಧಚಂದ್ರ ಗೋಡೆಯಲ್ಲಿ ಗಾಢ ಕೆಂಪು ನಿಲುವಂಗಿಯ ಹೆಂಗಸು, ತಲೆಗೆ ಮುಸುಕು. ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುತ್ತಿದ್ದಾಳೆ. ಅಂಗೈಗಳು ಅಳತೆ ಮೀರಿ ದೊಡ್ಡವು, ಕಣ್ಣುಗಳೂ ಅಷ್ಟೇ. ಬೇಕೆಂದೇ ಹಾಗೆ ಬರೆದದ್ದೆಂದು ನನಗನಿಸುತ್ತದೆ. ಎಣ್ಣೆದೀಪದ ಬೆಳಕಿಗೆ ಕಾಣಬೇಕಾದದ್ದು ಅವೇ. ಪಕ್ಕದಲ್ಲಿ ಬೈಬಲಿನ ಕತೆಯ, ಬೆಂಕಿಯೊಳಗೆ ನಿಂತ ಮೂವರು ತರುಣರು, ಮೇಲೊಂದು ಪಾರಿವಾಳ. ಅವರನ್ನು ಬೆಂಕಿಗೆ ಹಾಕಿಸಿದ ಅರಸ ನೆಬೂಕದ್ನೆಚ್ಚರನಿಲ್ಲ, ಅರಮನೆಯಿಲ್ಲ, ಮುಗಿಯಿತು ಚಿತ್ರ. ಬೇರೆ ಗೋಡೆಗಳಲ್ಲಿ ಮೀನಿನ ಬಾಯಿಂದ ಹೊರಬೀಳುವ ಯೋನ, ಗೋರಿಯ ಬಾಗಿಲಲ್ಲಿ ಬಟ್ಟೆ ಸುತ್ತಿಕೊಂಡೇ ಸಾವಿನಿಂದೆದ್ದ ಲಾಜರ, ಅವನೆದುರು ಕೋಲು ಹಿಡಿದ, ಗಡ್ಡವಿಲ್ಲದ ಯುವಕ ಯೇಸು. ಈ ಆರಂಭದ ಚಿತ್ರಗಳಲ್ಲಿ ಶಿಲುಬೆಗೇರಿದ ಯೇಸುವನ್ನು ಹುಡುಕಬೇಡಿ. ಸತ್ತವರ ಪಾಲಿಗೆ ಬೇಕಿದ್ದದ್ದು ಗಂಡಾಂತರದಿಂದ ಪಾರಾದವರ ಕತೆ. ನೋಡುವವರಿಗೆ ಕತೆ ಮೊದಲೇ ಗೊತ್ತು, ಕಲಾವಿದ ಗುರುತಷ್ಟೇ ಕೊಟ್ಟರಾಯಿತು.

ಕಾನ್‌ಸ್ಟಂಟೈನನ ಶಿಲ್ಪಿ ಕ್ರೈಸ್ತರಿಂದ ಕಲಿತನೆಂದು ನಾನು ಹೇಳುತ್ತಿಲ್ಲ. ಸಾಮಾನ್ಯ ಜನರ ಗೋರಿಕಲ್ಲುಗಳಲ್ಲಿ ಮೊದಲಿನಿಂದ ಇದ್ದ ಈ ಗುರುತಿನ ಕಲೆ ಚಕ್ರವರ್ತಿಯ ಸ್ಮಾರಕಕ್ಕೂ ಏರಿತು ಎಂಬ ಕಲಾ ಇತಿಹಾಸಕಾರ ರನುಚ್ಚೊ ಬಿಯಾಂಕಿ ಬಂದಿನೆಲ್ಲಿಯವರ ವಾದವೇ ನನಗೆ ಹೆಚ್ಚು ಒಪ್ಪಿತ. ಕೈ ಸೋತದ್ದೂ ಇದೆ ಅನ್ನಿ. ಆ ನೆರಿಗೆಗಳ ಪರ ನಾನು ವಕಾಲತ್ತು ವಹಿಸಲಾರೆ.

ಆಸೆ ಹುಟ್ಟಿದವರಿಗೆ ಇನ್ನೊಂದು ಹೆಸರು: ವಿಯಾ ಲತೀನಾದ ಕ್ಯಾಟಕೂಂಬ್. 1955ರಲ್ಲಿ ಬೆಳಕಿಗೆ ಬಂತು, ಚಿತ್ರಗಳು ನಾಲ್ಕನೆಯ ಶತಮಾನದವು. ಬೈಬಲಿನ ಕತೆಗಳಿರುವ ಆ ಗೋರಿಗಳ ನಡುವಿನ ಒಂದು ಕೋಣೆಯಲ್ಲಿ ಗ್ರೀಕ್ ಪುರಾಣದ ಹರ್ಕ್ಯುಲಿಸ್ ಸತ್ತ ಅಲ್ಸೆಸ್ಟಿಸಳನ್ನು ಗಂಡನಿಗೆ ಮರಳಿ ಒಪ್ಪಿಸುತ್ತಿದ್ದಾನೆ. ಒಂದೇ ಮನೆತನದಲ್ಲಿ ಹಳೆಯ ದೇವರ ಕಡೆಯವರೂ ಹೊಸ ಧರ್ಮದವರೂ ಇದ್ದಿರಬೇಕೆಂದು ಹಲವರ ಊಹೆ. ಸಾವಿನಿಂದ ಮರಳಿದವಳ ಕತೆ ಇಬ್ಬರಿಗೂ ಹೊಂದುತ್ತಿತ್ತು ಎಂದು ನನ್ನದು. ಸಾಮಾನ್ಯ ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲ, ಫೋಟೊಗಳಲ್ಲೇ ನೋಡಬೇಕು.