ಬಣ್ಣ ಕಟ್ಟುವ ಕೈ
(ಕೊಡಕ್ರೋಮ್ ಕುರಿತ ಕೆಲವು ಕೃತಿಗಳ ಬಗ್ಗೆ)

ಕೊಡಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮು ನಿಂತುಹೋದ ಮೇಲೆ ಅದನ್ನು ಕುರಿತು ಬಂದ ಲೇಖನ, ಪ್ರದರ್ಶನ, ಚಲನಚಿತ್ರಗಳೆಲ್ಲ ಒಂದಲ್ಲ ಒಂದು ಬಗೆಯ ಶೋಕಗೀತೆಗಳೇ. ಹೋದದ್ದಕ್ಕೆ ಶೋಕಿಸುವುದು ತಪ್ಪೇನಲ್ಲ. ಆದರೆ ಹೋದದ್ದು ಏನು, ಅಳುತ್ತಿರುವವರು ಯಾರು ಎಂಬುದನ್ನು ವಿಮರ್ಶೆ ಕೇಳಲೇಬೇಕಾಗುತ್ತದೆ. ಈ ಕೃತಿಗಳು ಬಣ್ಣ ಹೋಯಿತೆಂದು ಅಳುತ್ತವೆ. ಬಣ್ಣ ಕಟ್ಟುವ ಕೈ ಹೋದದ್ದರ ಬಗ್ಗೆ ಅವುಗಳಿಗೆ ಹೇಳುವುದು ಹೆಚ್ಚೇನಿಲ್ಲ.

ಮಾತು ಸ್ಪಷ್ಟವಾಗಲು ಸ್ವಲ್ಪ ತಾಂತ್ರಿಕ ವಿವರ ಅಗತ್ಯ. ಸ್ಲೈಡ್ ಫಿಲ್ಮಿಗೆ ನೆಗೆಟಿವ್ ಎಂಬುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಪಟ್ಟಿಯೇ ತೊಳೆದ ಮೇಲೆ ಪಾರದರ್ಶಕ ಚಿತ್ರವಾಗುತ್ತದೆ. ಗೋಡೆಯ ಮೇಲೆ ಬೀಳುವುದೂ ಅದೇ, ಪತ್ರಿಕೆಯ ಅಚ್ಚಿಗೆ ಹೋಗುವುದೂ ಅದೇ. ಮಿಕ್ಕ ಬಹುಪಾಲು ಸ್ಲೈಡ್ ಫಿಲ್ಮುಗಳಲ್ಲಿ ಬಣ್ಣ ಕಟ್ಟುವ ಪದಾರ್ಥ ಫಿಲ್ಮಿನ ಪದರದಲ್ಲೇ ಅಡಗಿರುತ್ತದೆ. 1935ರಲ್ಲಿ ಮಾರುಕಟ್ಟೆಗೆ ಬಂದ ಕೊಡಕ್ರೋಮ್ ಹಾಗಲ್ಲ. ಲಿಯೋಪೋಲ್ಡ್ ಮ್ಯಾನ್ಸ್, ಲಿಯೋಪೋಲ್ಡ್ ಗೊಡೌಸ್ಕಿ ಎಂಬ ಇಬ್ಬರು ಸಂಗೀತಗಾರರು ರೂಪಿಸಿದ ಈ ಫಿಲ್ಮು ಒಡಲಲ್ಲಿ ಕಪ್ಪು ಬಿಳುಪಿನದೇ. ಬಣ್ಣಗಳು ಪ್ರಯೋಗಾಲಯದ ತೊಟ್ಟಿಗಳಿಂದ ಒಂದೊಂದಾಗಿ ಬಂದು ಸೇರಬೇಕು. ಒಮ್ಮೆ ಕೆಂಪು ಬೆಳಕು, ಒಮ್ಮೆ ನೀಲಿ ಬೆಳಕು ತೋರಿಸಿ, ಮೂರು ಬೇರೆ ಬೇರೆ ದ್ರಾವಣಗಳಲ್ಲಿ ಅದ್ದುವ ಕೆ-14 ಎಂಬ ಕ್ರಮ ಮನೆಯಲ್ಲಿ ಮಾಡುವಂಥದಲ್ಲ. ಯಕ್ಷಗಾನದ ನೆಲದವರಾದ ನಿಮಗೆ ಹೀಗೆ ಹೇಳಬಹುದು: ಫಿಲ್ಮು ಬರಿಮೈಯ ನಟ, ಪ್ರಯೋಗಾಲಯ ಚೌಕಿ. ಚೌಕಿಯೇ ಮುಚ್ಚಿದರೆ ವೇಷ ಎಲ್ಲಿಂದ ಬರಬೇಕು?

ಚೌಕಿ ಮುಚ್ಚಿತು. 2009ರ ಜೂನ್ 22ರಂದು ಕೊಡಕ್ ಕಂಪನಿ ಈ ಫಿಲ್ಮನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆ ಹೊತ್ತಿಗೆ ಇಡೀ ಜಗತ್ತಿನಲ್ಲಿ ಅದನ್ನು ತೊಳೆಯುತ್ತಿದ್ದದ್ದು ಅಮೆರಿಕದ ಕಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೋ ಒಂದೇ. 2010ರ ಡಿಸೆಂಬರ್ 30 ರೀಲು ತಲುಪಿಸಲು ಕೊನೆಯ ದಿನವಾಯಿತು. ಮರುತಿಂಗಳು ಕೆ-14 ಶಾಶ್ವತವಾಗಿ ನಿಂತಿತು.

ಈ ಘಟ್ಟದಲ್ಲಿ ಹುಟ್ಟಿದ ಅತ್ಯಂತ ಪ್ರಸಿದ್ಧ ಕೃತಿ ಸ್ಟೀವ್ ಮೆಕರಿಯವರ ಕೊನೆಯ ರೀಲು. 1984ರಲ್ಲಿ ಆಫ್ಘನ್ ಹುಡುಗಿಯ ಹಸಿರು ಕಣ್ಣುಗಳನ್ನು ಕೊಡಕ್ರೋಮ್‌ನಲ್ಲಿ ಹಿಡಿದ ಅವರಿಗೆ ಕಾರ್ಖಾನೆಯಿಂದ ಹೊರಬಂದ ಕಡೆಯ ರೀಲು ದೊರೆಯಿತು. ಮೂವತ್ತಾರು ಚೌಕಟ್ಟುಗಳು. ನ್ಯೂಯಾರ್ಕಿನಲ್ಲಿ ನಟ ರಾಬರ್ಟ್ ಡಿ ನಿರೋ, ಮುಂಬಯಿಯಲ್ಲಿ ಅಮಿತಾಭ್ ಬಚ್ಚನ್ ಮತ್ತಿತರ ಚಿತ್ರರಂಗದವರು, ರಾಜಸ್ಥಾನದಲ್ಲಿ ರಬಾರಿಗಳು, ಇಸ್ತಾಂಬುಲ್‌ನಲ್ಲಿ ಛಾಯಾಗ್ರಾಹಕ ಆರಾ ಗುಲೇರ್, ಕೊನೆಗೆ ಪಾರ್ಸನ್ಸ್‌ನ ಒಂದು ಸ್ಮಶಾನ. ರೀಲನ್ನು ಅವರೇ ಕೈಯಾರೆ ಪ್ರಯೋಗಾಲಯಕ್ಕೆ ಒಯ್ದರು. ಆ ಸ್ಲೈಡುಗಳಿಗೆ ರಾಚೆಸ್ಟರಿನ ಈಸ್ಟ್‌ಮನ್ ವಸ್ತುಸಂಗ್ರಹಾಲಯದಲ್ಲಿ ನೆಲೆ ಸಿಕ್ಕಿತು.

ಕುಶಲತೆಯ ದೃಷ್ಟಿಯಿಂದ ಈ ಚಿತ್ರಗಳಲ್ಲಿ ಕೊರತೆ ಹುಡುಕುವುದು ಕಷ್ಟ. ನನ್ನ ತಕರಾರು ಆಯ್ಕೆಯ ಬಗ್ಗೆ. ಒಂದು ಮಾಧ್ಯಮದ ಕಡೆಯ ಮೂವತ್ತಾರು ಅವಕಾಶಗಳಲ್ಲಿ ಎಷ್ಟೋ ಪಾಲು ಈಗಾಗಲೇ ಲೆಕ್ಕವಿಲ್ಲದಷ್ಟು ಸಲ ತೆಗೆಸಿಕೊಂಡ ಮುಖಗಳಿಗೆ ಹೋಯಿತು. ರಬಾರಿಗಳು ಬಂದದ್ದೂ ಪೇಟದ ಬಣ್ಣಕ್ಕೆ ಎಂಬ ಸಂಶಯ ಬಿಡುವುದಿಲ್ಲ. ಕೃತಿಯ ನಿಜವಾದ ವಸ್ತು ಕೊಡಕ್ರೋಮ್‌ನ ಕೀರ್ತಿ. ಮನುಷ್ಯರು ಅದಕ್ಕೆ ಸಾಕ್ಷಿಗಳು ಮಾತ್ರ.

2017ರಲ್ಲಿ ಬಂದ ‘ಕೊಡಕ್ರೋಮ್’ ಚಲನಚಿತ್ರ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ಮಾರ್ಕ್ ರಾಸೋ ನಿರ್ದೇಶನದ ಈ ಚಿತ್ರದಲ್ಲಿ ಸಾಯಲಿರುವ ಪ್ರಸಿದ್ಧ ಛಾಯಾಗ್ರಾಹಕನೊಬ್ಬ, ಮುನಿದು ದೂರವಾದ ಮಗನೊಡನೆ, ತೊಳೆಸದೆ ಉಳಿದ ರೀಲುಗಳನ್ನು ಹೊತ್ತು ಕಾನ್ಸಸ್‌ಗೆ ಪಯಣಿಸುತ್ತಾನೆ. ರೀಲುಗಳಲ್ಲಿ ಇದ್ದದ್ದು ಜಗತ್ತನ್ನು ಬೆರಗುಗೊಳಿಸುವ ಚಿತ್ರಗಳಲ್ಲ, ಅವನ ಹೆಂಡತಿ ಮತ್ತು ಪುಟ್ಟ ಮಗ. ಆಶಯ ಒಳ್ಳೆಯದೇ. ಆದರೆ ಕಥೆ ಗಡುವಿನೊಳಗೆ ತಲುಪಿಬಿಡುತ್ತದೆ. ಬಣ್ಣ ಸಿಕ್ಕೇ ಸಿಗುತ್ತದೆ. ಸಮಯಕ್ಕೆ ತಲುಪದವರ ರೀಲು ಏನಾಯಿತು ಎಂಬ ಪ್ರಶ್ನೆ ಚಿತ್ರದ ಹೊರಗೇ ಉಳಿಯುತ್ತದೆ.

ನನಗೆ ಆ ಪ್ರಶ್ನೆ ನಮ್ಮ ಕಡೆಯ ಒಂದು ರೀಲಿನಿಂದ ಬಂತು. ನಾನಿರುವುದು ಮಹಾರಾಷ್ಟ್ರದ ನಿಲಂಗಾ ತಾಲ್ಲೂಕಿನ ಔರಾದ ಶಹಾಜನಿಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಬೇರೆಯಾಗಿ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ವಿಳಾಸದಲ್ಲಿ ‘ಶಹಾಜನಿ’ ಬಿಟ್ಟರೆ ಇಂದಿಗೂ ಟಪಾಲು ಗಡಿಯಾಚೆಯ ಬೀದರದ ಔರಾದಕ್ಕೆ ಹೋದೀತು. ಇಂಥ ಊರಿಗೆ ಕೊಡಕ್ರೋಮ್ ಬಂದದ್ದು ಗಲ್ಫಿನಲ್ಲಿದ್ದ ಬಂಧುವೊಬ್ಬರ ಪೆಟ್ಟಿಗೆಯಲ್ಲಿ. ಅದೆಂಥ ಪೆಟ್ಟಿಗೆಯೆಂದು ನಿಮಗೆ ವಿವರಿಸಬೇಕಾಗಿಲ್ಲ. 1992ರ ಬೇಸಿಗೆಯಲ್ಲಿ ಅವರು ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಮದುವೆಯಲ್ಲಿ ರೀಲು ತುಂಬಿಸಿದರು. ಅದು ತೊಳೆಸದೆ ಟ್ರಂಕಿನಲ್ಲಿ ಉಳಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿಗೆ, ಕಿಲ್ಲಾರಿ ಭೂಕಂಪವಾಯಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಏಳು ಸಾವಿರಕ್ಕೂ ಮೀರಿ ಜನ ಸತ್ತರು. ಬಹಳಷ್ಟು ಜನರನ್ನು ಕೊಂದದ್ದು ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ಹೊತ್ತ ಮಾಳಿಗೆಯ ಅವರದೇ ಮನೆಗಳು. ಆ ಹಳ್ಳಿ ಬೇರೆ ಜಾಗದಲ್ಲಿ ಹೊಸದಾಗಿ ಎದ್ದಿತು.

ರೀಲು ನನ್ನ ಕೈಗೆ ಬಂದದ್ದು 2014ರಲ್ಲಿ. ಪಾರ್ಸನ್ಸ್‌ನ ಬಾಗಿಲು ಮುಚ್ಚಿ ಮೂರು ವರ್ಷ ಮೀರಿತ್ತು. ಒಂದು ನಗರದ ಸ್ಟುಡಿಯೋದವರು ಸಾಮಾನ್ಯ ಸ್ಲೈಡುಗಳ ಇ-6 ಕ್ರಮದಲ್ಲಿ ತೊಳೆದುಕೊಡುತ್ತೇವೆಂದರು. ಹಾಗೆ ಮಾಡಿದ್ದರೆ ಬಣ್ಣ ಕಟ್ಟುವ ಪದಾರ್ಥ ಒಳಗಿಲ್ಲದ ಕಾರಣ ಬೆಳ್ಳಿಯೂ ಕರಗಿ ಖಾಲಿ ಪಟ್ಟಿ ಕೈಗೆ ಬರುತ್ತಿತ್ತು. ಉಳಿದ ದಾರಿ ಒಂದೇ: ಬಣ್ಣದ ಆಸೆ ಬಿಟ್ಟು, ಬೆನ್ನಿಗಿರುವ ಮಸಿಯ ಲೇಪ ತೆಗೆದು, ಕಪ್ಪು ಬಿಳುಪಿನ ಡೆವಲಪರಿನಲ್ಲಿ ತೊಳೆಯುವುದು. ಬೆಂಗಳೂರಿನ ಹವ್ಯಾಸಿಯೊಬ್ಬರು ಆ ಕೆಲಸ ಮಾಡಿಕೊಟ್ಟರು. ಮಂಜು ಮುಸುಕಿದ ಹನ್ನೊಂದು ಚಿತ್ರಗಳು ಬಂದವು. ಹಂದರ, ಊಟದ ಸಾಲು, ಹಿಂದೆ ಆ ಕಲ್ಲುಗೋಡೆಗಳು. ಅದೇ ಹಳ್ಳಿಯ ಅಜ್ಜಿಯೊಬ್ಬರಿಗೆ ಅವನ್ನು ತೋರಿಸಿದೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಅವರು ಒಂದೊಂದೇ ಸೀರೆಯ ಬಣ್ಣ ಹೇಳುತ್ತ ಹೋದರು: ಇದು ಹಸಿರು, ಇದು ಈರುಳ್ಳಿ ಸಿಪ್ಪೆ, ಇದು ಕುಂಕುಮ, ಇವಳು ಉಳಿಯಲಿಲ್ಲ, ಇವಳೂ ಉಳಿಯಲಿಲ್ಲ.

ಈ ಅನುಭವವನ್ನು ಮುಂದಿಟ್ಟುಕೊಂಡು ರಘುಬೀರ್ ಸಿಂಗ್ ಅವರ ವಾದವನ್ನು ಮತ್ತೆ ಪರಿಶೀಲಿಸಬೇಕೆನಿಸುತ್ತದೆ. ಜೈಪುರದಲ್ಲಿ ಹುಟ್ಟಿದ ಸಿಂಗ್ (1942–1999) ಕೊಡಕ್ರೋಮ್‌ನಲ್ಲಿ ಭಾರತವನ್ನು ಕಂಡವರಲ್ಲಿ ಅಗ್ರಗಣ್ಯರು. ತಮ್ಮ ‘ರಿವರ್ ಆಫ್ ಕಲರ್’ (1998) ಪುಸ್ತಕದಲ್ಲಿ ಅವರು ಬಣ್ಣ ಭಾರತೀಯ ಮನಸ್ಸಿನ ಮೂಲದಲ್ಲೇ ಇದೆ, ಕಪ್ಪು ಬಿಳುಪು ಪಶ್ಚಿಮದ ಪರಕೀಯ ಪ್ರಜ್ಞೆಯ ಕೂಸು ಎಂಬರ್ಥದ ವಾದ ಮಂಡಿಸಿದರು. ವಸಾಹತು ಕಣ್ಣಿನಿಂದ ಬಿಡಿಸಿಕೊಳ್ಳುವ ಹಂಬಲವಾಗಿ ಈ ವಾದಕ್ಕೆ ಬೆಲೆಯಿದೆ. ಆದರೆ ನಮ್ಮದೇ ಎಂದ ಆ ಬಣ್ಣ ಪರದೇಶದ ಕಂಪನಿಯ ದ್ರಾವಣದಲ್ಲಿತ್ತು. ಕಂಪನಿ ಲೆಕ್ಕ ಮುಚ್ಚಿದಾಗ ನಮ್ಮ ಪಾಲಿಗೆ ಉಳಿದದ್ದು ಪರಕೀಯವೆನಿಸಿದ ಕಪ್ಪು ಬಿಳುಪೇ. ಅದು ಅಷ್ಟೇನೂ ಪರಕೀಯವಲ್ಲ. ಟಿ. ಎಸ್. ಸತ್ಯನ್ (1923–2009) ತೋರಿಸಿದ ಮಕ್ಕಳ ಮುಖಗಳು, ಪುನಲೂರು ರಾಜನ್ ಸೆರೆಹಿಡಿದ ಬಷೀರ್ — ಕನ್ನಡ, ಮಲಯಾಳಂ ಓದುಗರ ಮನಸ್ಸಿನಲ್ಲಿ ಇವು ಕಪ್ಪು ಬಿಳುಪಿನಲ್ಲೇ ನೆಲೆಸಿವೆ. ಕಪ್ಪು ಬಿಳುಪನ್ನು ಬಚ್ಚಲುಮನೆಯಲ್ಲೂ ತೊಳೆಯಬಹುದು. ಆ ಸ್ವಾತಂತ್ರ್ಯದ ಬೆಲೆಯನ್ನು ಸಿಂಗ್ ಅವರ ಸೌಂದರ್ಯಮೀಮಾಂಸೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ಲೈಡು ಪೂರ್ತಿ ಸತ್ತಿಲ್ಲ ಎಂಬುದನ್ನೂ ಹೇಳಬೇಕು. 2012ರಲ್ಲಿ ನಿಂತ ಎಕ್ಟಾಕ್ರೋಮ್ 2018ರಲ್ಲಿ ಮರಳಿ ಬಂತು. ಅದನ್ನು ತೊಳೆಯುವ ಇ-6 ಇನ್ನೂ ಬದುಕಿದೆ, ಆದರೆ ಅದನ್ನು ಮಾಡುವ ಜಾಗಗಳು ವಿರಳ. ಮನೆಯಲ್ಲೇ ಮಾಡೋಣವೆಂದರೆ ಮೊದಲ ದ್ರಾವಣ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಲದೆ ನಿಲ್ಲಬೇಕು. ಬೇರೆಡೆ ಅದಕ್ಕೆ ನೀರು ಕಾಯಿಸುತ್ತಾರೆ. ಮರಾಠವಾಡದ ಮೇ ತಿಂಗಳಲ್ಲಿ ತಣಿಸಬೇಕು. 2016ರಲ್ಲಿ ಲಾತೂರಿಗೆ ಕುಡಿಯುವ ನೀರು ಮಿರಜದಿಂದ ರೈಲಿನಲ್ಲಿ ಬಂತು. ಅಂಥ ವರ್ಷ ಫಿಲ್ಮು ತೊಳೆಯಲು ಕೊಡ ನೀರು ಕೇಳುವ ಬಾಯಿ ಯಾರಿಗಿದ್ದೀತು?

ಆದ್ದರಿಂದ ಕೊಡಕ್ರೋಮ್‌ನ ಶೋಕಗೀತೆಗಳನ್ನು ಗಡಿಯಲ್ಲಿ ಕೂತು ಓದುವವರು ಅವುಗಳಿಂದ ಇನ್ನಷ್ಟು ಕೇಳಬೇಕು. ಕೊನೆಯ ರೀಲಿನಲ್ಲಿ ಯಾರಿದ್ದರು ಎಂಬುದು ಗೊತ್ತಾಯಿತು. ತೊಳೆಯದ ರೀಲುಗಳಲ್ಲಿ ಯಾರಿದ್ದಾರೆ ಎಂಬುದನ್ನು ಇನ್ನೂ ಯಾವ ಕೃತಿಯೂ ಕೇಳಿಲ್ಲ. ಗಲ್ಫಿನ ಪೆಟ್ಟಿಗೆಗಳು ನಿಮ್ಮ ಅಟ್ಟಗಳಲ್ಲೂ ಇರುತ್ತವೆ. ಅವುಗಳಲ್ಲಿ ರೀಲು ಸಿಕ್ಕರೆ ಮೊದಲು ಡಬ್ಬಿಯ ಮೇಲಿನ ಹೆಸರು ಓದಿ, ಯಾವ ಕ್ರಮದ್ದೆಂದು ತಿಳಿದು, ಆಮೇಲೆ ತೊಳೆಸಿ. ಬಣ್ಣ ಬಾರದಿದ್ದರೂ ಸರಿ. ಸೀರೆ ಯಾವ ಬಣ್ಣದ್ದೆಂದು ಹೇಳಬಲ್ಲವರು ಇನ್ನೂ ಒಬ್ಬಿಬ್ಬರು ಇದ್ದಾರು, ಅವರಿಗೂ ವಯಸ್ಸಾಗುತ್ತಿದೆ.