‘ಸಿಗಲಿಲ್ಲ’ ಅಂದರೆ ‘ಇಲ್ಲ’ ಅಂತಲೇ? ಹುಡುಕಾಟದ ಟೂಲ್‌ಗಳ ವಿವರಣೆ ಮತ್ತು ಗಡಿನಾಡ ಕನ್ನಡ

ಕನ್ನಡ ಎಂ.ಎ. ಓದುವವರಿಗೆ ಎಐ ಟೂಲ್‌ಗಳ ವಿವರಣೆ ಕಟ್ಟಿಕೊಂಡು ಏನಾಗಬೇಕು ಅಂತ ನಿಮಗೆ ಅನ್ನಿಸಬಹುದು. ಆ ವಿವರಣೆಯೂ ಒಂದು ಗದ್ಯವೇ. ಯಾರು ಯಾರಿಗಾಗಿ ಬರೆದದ್ದು, ಏನು ಹೇಳಿದೆ, ಏನು ಬಿಟ್ಟಿದೆ ಅಂತ ನಾವು ಒಂದು ಮುನ್ನುಡಿಯನ್ನು ಓದುವ ಹಾಗೆಯೇ ಅದನ್ನೂ ಓದಬಹುದು. ಈ ಪ್ರಬಂಧದಲ್ಲಿ ನಾನು ಮಾಡಿರೋದು ಅಷ್ಟೇ.

ಮೊದಲು ಕೆಲಸ ನಡೆಯುವ ರೀತಿ. ಎಐ ಏಜೆಂಟ್ ತನ್ನ ನೆನಪಿನಲ್ಲಿರುವುದನ್ನಷ್ಟೇ ನೆಚ್ಚಿಕೊಳ್ಳದೆ ಕ್ಯಾಟಲಾಗ್, ಪತ್ರಿಕಾ ಸಂಗ್ರಹ, ಅಂತರ್ಜಾಲಗಳಲ್ಲಿ ತಾನೇ ಹುಡುಕುತ್ತದೆ. ಅದಕ್ಕೆ ಟೂಲ್ ಕೊಟ್ಟಿರುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಂಥ ಪದ್ಧತಿಯಲ್ಲಿ ಟೂಲ್ ಬಗ್ಗೆ ಏಜೆಂಟ್‌ಗೆ ಮುಖ್ಯವಾಗಿ ಗೊತ್ತಾಗುವುದು ಮೂರು ಸಂಗತಿ: ಅದರ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ. ಒಳಗಿನ ಪ್ರೋಗ್ರಾಂ ಅದಕ್ಕೆ ಕಾಣುವುದಿಲ್ಲ. ಯಾವಾಗ ಹುಡುಕಬೇಕು, ಯಾವ ಪದ ಹಾಕಬೇಕು, ಬಂದದ್ದನ್ನು ಎಷ್ಟು ನಂಬಬೇಕು ಎಂಬುದೆಲ್ಲ ಬಹುಮಟ್ಟಿಗೆ ಆ ನಾಲ್ಕು ಸಾಲಿನ ಗದ್ಯದ ಮೇಲೆ ನಿಂತಿದೆ.

ಚರ್ಚೆಗಾಗಿ ನಾನೇ ಒಂದು ಮಾದರಿ ಬರೆದುಕೊಂಡಿದ್ದೇನೆ: ‘ಕನ್ನಡ ಸಾಹಿತ್ಯದ ಮಾಹಿತಿಯನ್ನು ಹುಡುಕುತ್ತದೆ.’ ಕೇಳೋದಕ್ಕೆ ಚೆನ್ನಾಗಿಯೇ ಇದೆ. ಆದರೆ ಹುಡುಕುವುದು ಪುಸ್ತಕದ ಪೂರ್ಣಪಾಠದಲ್ಲೋ, ಬರೀ ಶೀರ್ಷಿಕೆಯಲ್ಲೋ? ಅಕ್ಷರ ಹೊಂದಿಸುತ್ತದೋ, ಅರ್ಥ ನೋಡುತ್ತದೋ? ಎಲ್ಲಿ ಅಚ್ಚಾದ ಪುಸ್ತಕಗಳು? ಇದ್ಯಾವುದಕ್ಕೂ ಉತ್ತರವಿಲ್ಲ. ಗಡಿಯಾಚೆಯ ಕನ್ನಡಕ್ಕೆ ಪೆಟ್ಟು ಬೀಳೋದು ಇಲ್ಲಿಯೇ. ಮೂರು ಉದಾಹರಣೆ ಕೊಡ್ತೇನೆ.

ಒಂದು, ವಿಭಕ್ತಿ. ಅಕ್ಷರ ಹೊಂದಿಸುವ ಟೂಲ್‌ಗೆ ‘ಕಾಸರಗೋಡು’ ಅಂತ ಕೊಟ್ಟರೆ ‘ಕಾಸರಗೋಡಿನ’, ‘ಕಾಸರಗೋಡಿಗೆ’ ಎಂದಿರುವ ಕಡೆ ಸಿಗುವುದಿಲ್ಲ. ‘ಡು’ ಹೋಗಿ ‘ಡಿ’ ಆಗಿರುತ್ತದೆ. ‘ಕಾಸರಗೋಡ’ ಅಂತ ಕೊಟ್ಟರೆ ಮೂರೂ ಸಿಗುತ್ತವೆ, ಏಕೆಂದರೆ ಯೂನಿಕೋಡ್‌ನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಬರುವ ಬೇರೆ ಸಂಕೇತ. ‘ಪ್ರತ್ಯಯ ಬಿಟ್ಟು ಪದದ ಮೊದಲ ಭಾಗ ಕೊಡಿ’ ಎಂಬ ಒಂದು ಸಾಲು ವಿವರಣೆಯಲ್ಲಿದ್ದರೆ ಸಾಕಿತ್ತು.

ಎರಡು, ಊರಿನ ಹೆಸರು. ಸೊನ್ನಲಿಗೆ, ಸೊಲ್ಲಾಪುರ, ಸೋಲಾಪುರ, ಷೋಲಾಪುರ ಎಲ್ಲವೂ ಒಂದೇ ಊರು. ಸಿದ್ಧರಾಮನ ಬಗ್ಗೆ ಹುಡುಕುವವರಿಗೆ ಮೊದಲನೆಯದು ಬೇಕು; ಇಂದಿನ ಮಹಾರಾಷ್ಟ್ರದ ದಾಖಲೆ ಹುಡುಕುವವರಿಗೆ ಮೂರನೆಯದು. ಟೂಲ್ ಈ ಹೆಸರುಗಳನ್ನು ತಾನೇ ಜೋಡಿಸಿಕೊಳ್ಳುತ್ತದೋ, ಏಜೆಂಟ್ ಒಂದೊಂದಾಗಿ ಕೊಡಬೇಕೋ ಎಂದು ಬರೆದಿರಬೇಕು.

ಮೂರು, ಭಾಷೆ ಮತ್ತು ರಾಜ್ಯದ ಫಿಲ್ಟರ್. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಭಾಷೆ ‘ಕನ್ನಡ’ ಅಂತ ಮಾತ್ರ ಹಾಕಿದರೆ ಅವರ ಬರವಣಿಗೆಯ ಒಂದು ಭಾಗ ಕಣ್ಮರೆ. ಮಂಜೇಶ್ವರ ಗೋವಿಂದ ಪೈ ಅವರಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಅವರ ಊರು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾದರೆ ‘ರಾಜ್ಯ’ ಎಂಬ ಖಾನೆಯಲ್ಲಿ ಏಜೆಂಟ್ ಏನು ಹಾಕಬೇಕು? ಪುಸ್ತಕ ಅಚ್ಚಾದಾಗಿನ ರಾಜ್ಯವೋ, ಇವತ್ತಿನದೋ? ಖಾನೆಯ ಹೆಸರೊಂದೇ ಇದನ್ನು ಹೇಳಲಾರದು.

ಈಗ ಅದೇ ವಿವರಣೆಯನ್ನು ತಿದ್ದಿ ನೋಡೋಣ: ‘ಈ ಗ್ರಂಥಾಲಯದ ಕನ್ನಡ ಪುಸ್ತಕಗಳ ಶೀರ್ಷಿಕೆ, ಲೇಖಕ, ಪ್ರಕಾಶನದ ಊರು ಇವುಗಳಲ್ಲಿ ಮಾತ್ರ ಹುಡುಕುತ್ತದೆ; ಪುಸ್ತಕದ ಒಳಪಾಠದಲ್ಲಿ ಹುಡುಕುವುದಿಲ್ಲ. ಅಕ್ಷರಶಃ ಹೊಂದಿಸುತ್ತದೆ; ಊರಿನ ಹಳೆಯ, ಹೊಸ ಹೆಸರುಗಳನ್ನು ಬೇರೆಬೇರೆಯಾಗಿ ಕೊಡಿ. ರಾಜ್ಯ ಎಂದರೆ ಪುಸ್ತಕ ಅಚ್ಚಾದ ಕಾಲದ ರಾಜ್ಯ. ಕರ್ನಾಟಕದ ಹೊರಗೆ ಅಚ್ಚಾದ ಪುಸ್ತಕಗಳು ಈ ಸಂಗ್ರಹದಲ್ಲಿ ಕಡಿಮೆ. ಫಲಿತಾಂಶ ಬಾರದಿದ್ದರೆ ಪುಸ್ತಕವೇ ಇಲ್ಲವೆಂದು ತೀರ್ಮಾನಿಸಬೇಡಿ.’

ಈ ಗದ್ಯದಲ್ಲಿ ಅಲಂಕಾರ ಏನೂ ಇಲ್ಲ. ಆದರೆ ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ನನ್ನ ಮಟ್ಟಿಗೆ ಕೊನೆಯ ಎರಡು ವಾಕ್ಯಗಳೇ ಮುಖ್ಯ. ಲೈಬ್ರರಿಯ ಕೌಂಟರಿನಲ್ಲಿ ‘ಇಲ್ಲ’ ಅಂದರೆ ನಾವು ‘ಇಲ್ಲಿ ಇಲ್ಲ’ ಅಂತ ತಿಳಿದು ಇನ್ನೊಂದು ಕಡೆ ಹೋಗ್ತೇವೆ. ಮಿತಿ ತಿಳಿಯದ ಏಜೆಂಟ್ ಅದೇ ಉತ್ತರವನ್ನು ‘ಈ ವಿಷಯದಲ್ಲಿ ಬರವಣಿಗೆ ನಡೆದಿಲ್ಲ’ ಅಂತ ಬರೆದುಬಿಡಬಹುದು. ಆ ವಾಕ್ಯ ಒಬ್ಬರ ಪ್ರಬಂಧಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರದಕ್ಕೆ. ಜತ್ತ, ತಾಳವಾಡಿ, ಮಡಕಶಿರಾ ಕಡೆಯ ಬರವಣಿಗೆ ಮೊದಲೇ ಕ್ಯಾಟಲಾಗಿನ ಅಂಚಿನಲ್ಲಿದೆ. ಹೀಗಾದರೆ ಅದು ಅಂಚಿನಿಂದಲೂ ಬಿದ್ದುಹೋಗುತ್ತದೆ.

ಎರಡು ಆಕ್ಷೇಪಗಳಿವೆ. ವಿವರಣೆ ಉದ್ದವಾದರೆ ಏಜೆಂಟ್‌ಗೂ ಭಾರ ಅನ್ನುತ್ತಾರೆ. ನಿಜ, ಹತ್ತು ಟೂಲ್‌ಗಳ ವಿವರಣೆ ಒಟ್ಟಿಗೇ ಅದರ ಮುಂದಿರುತ್ತದೆ. ಅದಕ್ಕೇ ಹೊಗಳಿಕೆಯ ಮಾತು ತೆಗೆದು ಮಿತಿಯ ಮಾತು ಉಳಿಸಬೇಕು. ಇನ್ನೊಂದು: ಏಜೆಂಟ್ ಜಾಣ ಆದ ಹಾಗೆ ಕಾಗುಣಿತದ ವ್ಯತ್ಯಾಸಗಳನ್ನು ತಾನೇ ಊಹಿಸುತ್ತದಲ್ಲ? ಊಹಿಸಬಹುದು. ಆದರೆ ಆ ಸಂಗ್ರಹದಲ್ಲಿ ಯಾವ ಪುಸ್ತಕ ಸೇರಿಲ್ಲ ಅನ್ನೋದನ್ನು ಯಾವ ಜಾಣತನವೂ ಊಹಿಸಲಾರದು. ಅದನ್ನು ಸಂಗ್ರಹ ಕಟ್ಟಿದವರೇ ಹೇಳಬೇಕು.

ಒಳ್ಳೆಯ ವಿವರಣೆ ಬರೆದ ಮಾತ್ರಕ್ಕೆ ಇಲ್ಲದ ಪುಸ್ತಕ ಕಪಾಟಿಗೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಕಪಾಟಿನಲ್ಲಿ ಜಾಗ ಖಾಲಿ ಇದೆ ಅನ್ನೋದಾದರೂ ತಿಳಿಯುತ್ತದೆ. ನಮ್ಮ ವಿಭಾಗಗಳು ಗಡಿನಾಡಿನ ಪುಸ್ತಕಗಳನ್ನು ಡಿಜಿಟಲ್ ಮಾಡಿಸುವಾಗ ಈ ನಾಲ್ಕು ಸಾಲು ಬರೆಯುವ ಕೆಲಸವನ್ನು ಪ್ರೋಗ್ರಾಮರ್‌ಗೇ ಬಿಡಬಾರದು. ಸೊನ್ನಲಿಗೆಯೂ ಸೋಲಾಪುರವೂ ಒಂದೇ ಅಂತ ಗೊತ್ತಿರುವ ಸಾಹಿತ್ಯದ ವಿದ್ಯಾರ್ಥಿಯೊಬ್ಬರು ಅಲ್ಲಿ ಕೂತಿರಬೇಕು.