ಶರಾಕು ಕಂಡ ಹೆಣ್ಣುವೇಷ

ಕಬುಕಿ ನಟರ ಮರದಚ್ಚಿನ ಚಿತ್ರಗಳೆಂದರೆ ತೋಶೂಸಾಯ್ ಶರಾಕುವಿನ ಎದೋಬೆಯನ್ನೇ ಎಲ್ಲರೂ ಮೊದಲು ನೆನೆಯುತ್ತಾರೆ. ದುಡ್ಡು ದೋಚಲು ಹೊರಟ ಆ ಕೇಡಿಯ ಪಾತ್ರ ಮಾಡಿದವನು ಮೂರನೆಯ ಓತಾನಿ ಒನಿಜಿ. ಮುಖದ ಅಳತೆಗೆ ಕೈಗಳು ತೀರಾ ಚಿಕ್ಕವು. ಆದರೂ ಚಾಚಿದ ಆ ಬೆರಳುಗಳು ಹೆದರಿಸುತ್ತವೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇನ್ನೊಂದು ಚಿತ್ರ: ಕುರಾಂದೋನ ಹೆಂಡತಿ ಯಾದೊರಿಗಿಯ ವೇಷದಲ್ಲಿರುವ ಎರಡನೆಯ ಸೆಗಾವಾ ತೋಮಿಸಾಬುರೋ.

ಜಪಾನಿನಲ್ಲಿ 1629ರಲ್ಲಿ ಹೆಂಗಸರು ರಂಗ ಹತ್ತುವುದಕ್ಕೆ ನಿಷೇಧ ಬಂತು. ಮುಂದೆ ಹೆಣ್ಣುಪಾತ್ರಗಳೆಲ್ಲ ಗಂಡಸರ ಪಾಲಾದವು. ಅಭಿಮಾನಿಗಳು ಚಿತ್ರ ಕೊಳ್ಳುತ್ತಿದ್ದುದು ತಾವು ರಂಗದ ಮೇಲೆ ಕಂಡ ಚೆಲುವೆಗಾಗಿ. ಶರಾಕು ಬಾಚಣಿಗೆ, ಕೇಶಾಲಂಕಾರ, ಬಣ್ಣ ಹಚ್ಚಿದ ಪುಟ್ಟ ಬಾಯಿ ಎಲ್ಲವನ್ನೂ ಬರೆದ. ಜೊತೆಗೆ ಗಂಡಸಿನ ದವಡೆಯನ್ನೂ ಬರೆದ.

1794ರಲ್ಲಿ ಪ್ರಕಾಶಕ ತ್ಸುತಾಯಾ ಜೂಸಾಬುರೋ ಅವನ 28 ಮುಖಚಿತ್ರಗಳನ್ನು ಅಭ್ರಕದ ಹೊಳಪಿನ ಕಪ್ಪು ಹಿನ್ನೆಲೆಯಲ್ಲಿ ಹೊರತಂದ. ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರಗಳು ಬಂದವು. ಆಮೇಲೆ ಶರಾಕು ಕಾಣೆಯಾದ. ನಿಜವನ್ನು ಅತಿಯಾಗಿ ಬರೆಯಹೋದದ್ದರಿಂದ ಬಾಳಲಿಲ್ಲ ಎಂಬುದು ಓತಾ ನಂಪೋ ಅವರದೆನ್ನಲಾದ ಟಿಪ್ಪಣಿಯ ಅಭಿಪ್ರಾಯ. ಅದೇ ವರ್ಷ ನಟರ ಚಿತ್ರಮಾಲೆ ಆರಂಭಿಸಿದ ತೊಯೊಕುನಿ ಅಭಿಮಾನಿಗಳ ಮನಸ್ಸರಿತು ಬರೆದ, ಗೆದ್ದ. 1910ರಲ್ಲಿ ಯೂಲಿಯಸ್ ಕುರ್ಟ್ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದ ಮೇಲೆ ಶರಾಕು ಪಶ್ಚಿಮದವರಿಗೂ ದೊಡ್ಡವನಾದ.

ಹಾಗಾದರೆ ಎದೋ ಪಟ್ಟಣದ ಅಭಿಮಾನಿಗಳು ದಡ್ಡರೆ? ನನಗೆ ಹಾಗನ್ನಿಸುವುದಿಲ್ಲ. ಮುಂಬಯಿಯಲ್ಲಿ ಒಮ್ಮೆ ಯಕ್ಷಗಾನ ಮುಗಿದ ಮೇಲೆ ಚೌಕಿಗೆ ಹೋಗಿದ್ದೆ. ಸ್ತ್ರೀವೇಷದ ಹಿರಿಯ ಕಲಾವಿದರೊಬ್ಬರು ಅರ್ಧ ಬಣ್ಣ ತೆಗೆದು ಕೂತಿದ್ದರು. ನಾನು ಮೊಬೈಲ್ ಎತ್ತಿದೆ. "ಬೇಡ ಮಾರಾಯ್ರೆ, ಈ ಮುಖ ನೋಡಿದ್ರೆ ನಾಳೆ ದ್ರೌಪದಿ ನಿಮ್ಗೆ ಕಾಣುವುದಿಲ್ಲ" ಎಂದರು. ನಾಚಿಕೆಯಾಯಿತು, ಮೊಬೈಲ್ ಜೇಬಿಗೆ ಹಾಕಿಕೊಂಡೆ. ಶರಾಕುವಿನ ಮೇಲಿನ ದೂರೂ ಇದೇ ಇರಬೇಕು.

ಆದರೆ ತೋಮಿಸಾಬುರೋ ಚೌಕಿಯಲ್ಲಿಲ್ಲ, ರಂಗದಲ್ಲಿದ್ದಾನೆ, ಬಣ್ಣ ಕಳಚಿಲ್ಲ. ಆ ಉದ್ದ ಮುಖವನ್ನು, ಕಿರಿದಾದ ಕಣ್ಣುಗಳನ್ನು ನೋಡುತ್ತ ಹೋದರೆ ದವಡೆ ಮರೆಯಾಗುವುದಿಲ್ಲ, ಯಾದೊರಿಗಿಯೂ ಮರೆಯಾಗುವುದಿಲ್ಲ. ಇಬ್ಬರನ್ನೂ ಒಂದೇ ಮುಖದಲ್ಲಿ ಹಿಡಿದು ನಿಲ್ಲುವ ನಟನ ದುಡಿಮೆ ಕಾಣುತ್ತದೆ. ಇದನ್ನು ಅಣಕ ಎನ್ನಲಾರೆ. ಶರಾಕುವಿನ ಕೊನೆಕೊನೆಯ ಚಿತ್ರಗಳಲ್ಲಿ ಕಾಗದ ಕಿರಿದಾಯಿತು, ಅಭ್ರಕ ಹೋಯಿತು, ಈ ದುಡಿಮೆಯೂ ಮಂಕಾಯಿತು.

ಅಂದು ಫೋಟೋ ತೆಗೆಯದಿದ್ದುದೇ ಸರಿ ಎಂದು ಈಗಲೂ ಅನ್ನಿಸುತ್ತದೆ. ಶರಾಕು ಬರೆಯದೆ ಬಿಡಬೇಕಿತ್ತು ಎನ್ನಲು ಮಾತ್ರ ಬಾಯಿ ಬರುವುದಿಲ್ಲ.